ಮೇಲಿನ ದವಡೆಗೊಂದು ನ್ಯಾಯ, ಕೆಳಗಿನ ದವಡೆಗೊಂದು ನ್ಯಾಯ

ಕುಶಲ ಕೆಲಸಗಾರರಿಗೆ ವಾಸದ ಪರವಾನಗಿ ಕೊಡುವ ಪರದೇಶದ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ನಾದಿನಿಗೆ ನೀವೇ ಕೊಟ್ಟಿದ್ದ ಪರವಾನಗಿಯನ್ನು ಈಗ ಮರುಪರಿಶೀಲನೆಗೆ ಎತ್ತಿಕೊಂಡಿದ್ದೀರಿ. ಅದಕ್ಕೆ ಆಧಾರವಾಗಿ ಬಳಸಿರುವುದು ನನ್ನ ಪತ್ರವನ್ನು. ಅದನ್ನು ನಿಲ್ಲಿಸಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಹಿಂದೆ ನಾಲ್ಕು ಸಲ ಇಂಗ್ಲಿಷಿನಲ್ಲಿ ಬರೆದಿದ್ದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಅಲ್ಪವಿರಾಮವೂ ತಪ್ಪದ ಹಾಗೆ ಬರೆಯುತ್ತೇನೆ. ಆ ಭಾಷೆಯಲ್ಲಿ ಮಾಡಬಹುದಾದ ಹಾನಿಯನ್ನೆಲ್ಲ ಮಾಡಿ ಮುಗಿಸಿದ್ದೇನೆ. ಈ ಸಲ ನನ್ನ ಭಾಷೆಯಲ್ಲಿ, ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ. ಬೇಕಿದ್ದರೆ ಪ್ರಮಾಣೀಕೃತ ಅನುವಾದ ಮಾಡಿಸಿಕೊಳ್ಳಿ. ನನ್ನ ಮದುವೆಯ ದಾಖಲೆ, ಗಂಡನ ಮರಣದ ದಾಖಲೆ ಎರಡನ್ನೂ ನಿಮಗಾಗಿ ನಾನು ಹಾಗೆಯೇ ಮಾಡಿಸಿದ್ದೆ.

ನಾವಿಬ್ಬರೂ ಹಲ್ಲಿನ ಸೆಟ್ ಮಾಡುವವರು. ಬಾಯಲ್ಲಿ ಒಂದೂ ಹಲ್ಲು ಉಳಿಯದವರ ಅಳತೆಯನ್ನು ದಂತವೈದ್ಯರು ತೆಗೆದು ಕಳಿಸುತ್ತಾರೆ. ನಾವು ಪ್ಲಾಸ್ಟರಿನಲ್ಲಿ ಅಚ್ಚು ಮಾಡಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತೇವೆ. ಕಲಿಸಿದವರು ನನ್ನ ಮಾವ. ಮೇಲಿನ ದವಡೆಯನ್ನು ಸೊಸೆಗೆ, ಕೆಳಗಿನದನ್ನು ಮಗಳಿಗೆ ಹಂಚಿದರು. ಕಿಟಕಿಯ ಪಕ್ಕದ ಒಂದೇ ಮೇಜಿನಲ್ಲಿ ಹದಿನೆಂಟು ವರ್ಷ ಹಾಗೆಯೇ ನಡೆಯಿತು. ನಾನು ಕೂರಿಸಿದ್ದಕ್ಕೆ ಅವಳು ಹೊಂದಿಸುತ್ತಿದ್ದಳು.

"ಅತ್ತಿಗೆ, ನಿಮ್ಮ ಕೋರೆಹಲ್ಲು ನನ್ನ ಮೇಲೆ ಏರ್ಕೊಂಡು ಬರ್ತಿದೆ."

"ನಿನ್ನದನ್ನೇ ಸ್ವಲ್ಪ ತಗ್ಗಿಸ್ಕೋ ತಾಯಿ."

ಯಾವುದಾದರೂ ಸೆಟ್ ಸರಿಯಾಗಿ ಕೂರದಿದ್ದರೆ ದಂತವೈದ್ಯರು ಫೋನ್ ಮಾಡಿ, "ಏನಮ್ಮ, ನೀವಿಬ್ರೂ ಮಾತು ಬಿಟ್ಟಿದ್ದೀರಾ? ಇಲ್ಲಿ ಪೇಷೆಂಟಿಗೆ ಬಾಯಿ ಮುಚ್ಚೋಕೇ ಆಗ್ತಿಲ್ಲ" ಎನ್ನುತ್ತಿದ್ದರು. ಬಹಳ ಸಲ ಅವರ ಊಹೆ ಸರಿಯಾಗಿರುತ್ತಿತ್ತು.

ಆಮೇಲೆ ಅವರೇ ಹಲ್ಲು ಮಾಡುವ ಯಂತ್ರ ತಂದರು, ನಮಗೆ ಕೆಲಸ ಕಡಿಮೆಯಾಯಿತು. ಅದೇ ಹೊತ್ತಿಗೆ ನಿಮ್ಮ ದೇಶದ ಪಟ್ಟಿಯಲ್ಲಿ ನಮ್ಮ ವೃತ್ತಿಯ ಮುಂದೆ 'ತೀವ್ರ ಕೊರತೆ' ಎಂದು ಕಂಡಿತು. ಅಲ್ಲಿನ ಒಂದು ಲ್ಯಾಬಿನ ಯಜಮಾನರು ನಮ್ಮ ಕೆಲಸ ನೋಡಿ, ಜೋಡಿಯಾಗಿಯೇ ಬನ್ನಿ ಎಂದರು. ಒಂದೇ ಕುಟುಂಬವೆಂದು ಅರ್ಜಿ ಹಾಕಬಹುದೇ ಎಂದು ನಿಮ್ಮನ್ನು ಕೇಳಿದೆ. ಗಂಡ ತೀರಿಹೋದ ಮೇಲೆ ಅವನ ತಂಗಿ ನನಗೆ ಸಂಬಂಧಿಯಲ್ಲ ಎಂದಿರಿ. ಸರಿ, ಬೇರೆಬೇರೆ ಅರ್ಜಿ ಹಾಕಿದೆವು. ಎರಡನ್ನೂ ಬರೆದವಳು ನಾನು. 'ನಿಮ್ಮ ಸ್ವಂತ ಪಾತ್ರವನ್ನು ನಿಖರವಾಗಿ ವಿವರಿಸಿ' ಎಂದಿತ್ತು ಅರ್ಜಿ. ನಿಖರವಾಗಿ ಎಂದರೆ ನಿಖರವಾಗಿ ಎಂದೇ ನಂಬಿ ಬೆಳೆದವಳು ನಾನು. ನನ್ನದರಲ್ಲಿ 'ಮೇಲಿನ ದವಡೆ' ಎಂದು ಬರೆದೆ, ಅವಳದರಲ್ಲಿ 'ಕೆಳಗಿನ ದವಡೆ' ಎಂದು. ಉಳಿದ ಪ್ರತಿಯೊಂದು ಮಾತೂ ಒಂದೇ.

"ಅತ್ತಿಗೆ, ಸುಮ್ನೆ ಸೆಟ್ ಮಾಡ್ತೀವಿ ಅಂತ ಬರೆದ್ರೆ ಸಾಲ್ದಾ?" ಎಂದಿದ್ದಳು ನಾದಿನಿ. ಸಾಲದು ಎಂದೆ.

ಹದಿನಾಲ್ಕು ತಿಂಗಳ ನಂತರ ಅವಳಿಗೆ ಪರವಾನಗಿ ಬಂತು. ನನಗೆ ಬಂದದ್ದು ಇದು: 'ಅರ್ಜಿದಾರರು ವೃತ್ತಿಯ ಅರ್ಧ ಭಾಗವನ್ನಷ್ಟೇ ನಿರ್ವಹಿಸಿರುವುದರಿಂದ ಕುಶಲ ಕೆಲಸಗಾರರೆಂದು ಪರಿಗಣಿಸಲಾಗದು. ಎರಡು ವರ್ಷಗಳ ಪೂರ್ಣ ಅನುಭವ ಪಡೆದು ಮತ್ತೆ ಪ್ರಯತ್ನಿಸಬಹುದು.' ನನಗೆ ನಲವತ್ತನಾಲ್ಕು. ನಿಮ್ಮ ಅರ್ಜಿಯಲ್ಲಿ ವಯಸ್ಸಿನ ಅಂಕಣ ಮುಗಿಯುವುದು ನಲವತ್ತೈದಕ್ಕೆ. ಮತ್ತೆ ಪ್ರಯತ್ನಿಸಲು ಹೇಳಿದವರಿಗೆ ಕೂಡಲು ಬರುತ್ತಿತ್ತೇ? ಇನ್ನೊಂದು ಸಂದೇಹ. ನಿಮ್ಮ ದೇಶದವರು ಕೆಳಗಿನ ಹಲ್ಲಿನಿಂದಷ್ಟೇ ಅಗಿಯುತ್ತಾರೆಯೇ? ಮೇಲಿನವು ಬರೀ ಫೋಟೋಕ್ಕೋ?

ನಾದಿನಿ ಹೋಗುವುದಿಲ್ಲ ಎಂದು ಕೂತಳು. "ಒಬ್ಬಳೇ ಹೋಗಿ ಯಾರ ಮೇಲಿನದಕ್ಕೆ ಹೊಂದಿಸ್ಲಿ?" ಎಂದಳು. "ಹೋಗು, ಹಿಂದೆಯೇ ಬರ್ತೀನಿ. ಮೇಲ್ಮನವಿ ಬರೆಯೋದು ನನಗೆ ಬಿಡು" ಎಂದೆ. ಮೇಜನ್ನೂ ಉಪಕರಣಗಳನ್ನೂ ಮಾರಿಬಿಟ್ಟು ಅವಳನ್ನು ವಿಮಾನ ಹತ್ತಿಸಿದೆ. ಅಲ್ಲಿ ಅವಳು ಮೇಲಿನ ದವಡೆಯನ್ನೂ ಕಲಿತಳು. ಈಗ ಪೂರ್ತಿ ಸೆಟ್ ಒಬ್ಬಳೇ ಮಾಡುತ್ತಾಳೆ. ವಾರಕ್ಕೆರಡು ಸಲ ಫೋನಿನಲ್ಲಿ ಹಲ್ಲು ತೋರಿಸಿ, "ನಿಮ್ಮಷ್ಟು ಚೆನ್ನಾಗಿಲ್ಲ, ಸುಳ್ಳು ಹೊಗಳ್ಬೇಡಿ" ಎನ್ನುತ್ತಿದ್ದಳು.

ಮೇಲ್ಮನವಿ ಬರೆದೆ. ವಾದ ಬಿಗಿಯಾಗಿರಲಿ ಎಂದು ಪೂರ್ವನಿದರ್ಶನ ಕೊಟ್ಟೆ. ನಾದಿನಿಯ ಕಡತದ ಸಂಖ್ಯೆ ಬರೆದು, ಇವರದೂ ಅರ್ಧವೇ, ಇವರಿಗೆ ಕೊಟ್ಟಿದ್ದೀರಿ, ನನಗೇಕೆ ಇಲ್ಲ ಎಂದು ಕೇಳಿದೆ. ಒಬ್ಬಳಿಗೆ ಸಿಕ್ಕಿದ್ದನ್ನು ತೋರಿಸಿದರೆ ಇನ್ನೊಬ್ಬಳಿಗೂ ಸಿಗುತ್ತದೆ ಎಂದು ಲೆಕ್ಕ ಹಾಕಿದ ಬುದ್ಧಿವಂತೆ ನಾನು. ಹದಿನಾಲ್ಕು ತಿಂಗಳು ಮಲಗಿದ್ದ ನಿಮ್ಮ ಕಚೇರಿ ಹನ್ನೆರಡೇ ದಿನದಲ್ಲಿ ಎದ್ದು ಕೂತಿತು. 'ವಿಷಯವನ್ನು ಗಮನಕ್ಕೆ ತಂದದ್ದಕ್ಕೆ ಧನ್ಯವಾದಗಳು' ಎಂದು ನನಗೆ ಬರೆದಿರಿ. ಪರವಾನಗಿ ಏಕೆ ರದ್ದಾಗಬಾರದು ಎಂದು ಅವಳಿಗೆ ನೋಟಿಸ್ ಕಳಿಸಿದಿರಿ, ಜೊತೆಗೆ ನನ್ನ ಪತ್ರದ ಪ್ರತಿ. ಆ ನೋಟಿಸಿನಲ್ಲಿ 'ಮಾಹಿತಿ ನೀಡಿದವರು: ಸಂಬಂಧಿ' ಎಂದಿತ್ತು. ಬದುಕಲು ಹೊರಟಾಗ ಇಲ್ಲದ ಸಂಬಂಧ ಚಾಡಿ ಹೇಳುವ ಅಂಕಣದಲ್ಲಿ ಹುಟ್ಟಿಕೊಂಡಿತು. ಇಬ್ಬರನ್ನೂ ಸಮಾನವಾಗಿ ಕಾಣಿ ಎಂದು ಕೇಳಿದವಳು ನಾನೇ. ಕಾಣಲು ಹೊರಟಿದ್ದೀರಿ.

ಅವಳು ಫೋನ್ ಮಾಡಿದಳು. "ಅತ್ತಿಗೆ, ನನ್ನ ಫೈಲ್ ನಂಬರ್ ಯಾಕೆ ಬರೆದ್ರಿ?"

"ಉದಾಹರಣೆಗೆ ಅಂತ."

"ಉದಾಹರಣೆಗೆ" ಎಂದಳು. ಆಮೇಲೆ, "ನಿಮಗೆ ಸಿಗ್ದೇ ಇದ್ದದ್ದು ನನಗೆ ಸಿಕ್ತು ಅಂತ ಒಳಗೆ ಇತ್ತಾ?" ಎಂದು ಕೇಳಿದಳು. ಇಲ್ಲ ಎನ್ನಲು ನನಗೆ ಒಂದು ಕ್ಷಣ ತಡವಾಯಿತು. ಅಷ್ಟರಲ್ಲಿ ಫೋನ್ ಇಟ್ಟಿದ್ದಳು. ಆರು ವಾರವಾಯಿತು, ಎತ್ತುತ್ತಿಲ್ಲ.

ಆ ಒಂದು ಕ್ಷಣದಲ್ಲಿ ಏನಿತ್ತು ಎಂದು ದಿನವೂ ಕೇಳಿಕೊಳ್ಳುತ್ತೇನೆ. ಮತ್ಸರ ಎಳ್ಳಷ್ಟೂ ಇರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಇದ್ದರೆ ಅದು ನನ್ನ ಅಪರಾಧ, ಅವಳದಲ್ಲ. ಅವಳು ನಿಮ್ಮಿಂದ ಏನನ್ನೂ ಮುಚ್ಚಿಟ್ಟಿಲ್ಲ. ಅರ್ಧ ಎಂದು ಬರೆದದ್ದನ್ನು ಓದಿ ಪೂರ್ಣ ಎಂದು ಮುದ್ರೆ ಒತ್ತಿದವರು ನೀವು. ನಿಮ್ಮ ಗುಮಾಸ್ತರು ಓದದೆ ಒತ್ತಿದ್ದರೆ ನೋಟಿಸ್ ಅವರ ಮೇಜಿಗೆ ಹೋಗಲಿ.

ನನ್ನ ಮೇಲ್ಮನವಿಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ, ಇನ್ನೆಂದೂ ಅರ್ಜಿ ಹಾಕುವುದಿಲ್ಲ. ಅವಳ ಕಡತವನ್ನು ಮುಚ್ಚಿ. ಮುಚ್ಚಿದ ಮೇಲೆ ಅವಳಿಗೆ ಒಂದು ಸಾಲು ಬರೆಯಿರಿ: ನಿಮ್ಮ ಅತ್ತಿಗೆ ನಿಮ್ಮ ಮೇಲೆ ದೂರು ಕೊಟ್ಟಿರಲಿಲ್ಲ. ನಾನು ಹೇಳಿದರೆ ಅವಳು ನಂಬುವುದಿಲ್ಲ. ನಿಮ್ಮ ಮುದ್ರೆ ಇದ್ದರೆ ಒಂದುವೇಳೆ ನಂಬಬಹುದು. ಅದು ನಿಜವೋ ಅಲ್ಲವೋ ಎಂದು ಪರಿಶೀಲಿಸುವ ಗೋಜಿಗೆ ಮಾತ್ರ ಹೋಗಬೇಡಿ.

ಇಂತಿ,
ನಿಮ್ಮ ಕಡತದಲ್ಲಿ ಮಾಹಿತಿ ನೀಡಿದವಳು,
ಆರು ವಾರದ ಹಿಂದಿನವರೆಗೆ ಒಬ್ಬಳಿಗೆ ಅತ್ತಿಗೆ