ಓದಿಸಿದ ಸಕ್ಕರೆ

ಮೇ 12, ಸೋಮವಾರ

ನಾಲ್ಕು ಸೀರೆಗೆ ಫಾಲ್ ಹಚ್ಚಿದೆ. ಎರಡಕ್ಕೆ ಪಿಕೋ ಬಾಕಿ. ಕರೆಂಟ್ ಹೋಗಿ ಬಂದು ಮಾಡಿತು. ಮಧ್ಯಾಹ್ನ ರೊಟ್ಟಿ ತಿಂದೆನೋ ಇಲ್ಲವೋ... ತಾಟು ತೊಳೆದದ್ದು ಮಾತ್ರ ನೆನಪಿದೆ.

ಸಂಜೆ ಸುಳ್ಳ ಊರಿನಿಂದ ಅತ್ತೆಯ ಫೋನು. ಹೊಲದ ಆಚೆ ದಂಡೆಯವರನ್ನು ಕೂಗಿದ ಹಾಗೆ ಮಾತಾಡುತ್ತಾರೆ. ಈ ಸಲ ಮೊಹರಮ್ಮಿಗೆ ನಾನು ಊರಿಗೆ ಬರಬೇಕಂತೆ. ಮಗ ಫಕೀರೇಶನ ಬದಲು ನಾನು ಕೊರಳಿಗೆ ಹರಕೆಯ ದಾರದ ಲಾಡಿ ಕಟ್ಟಿಸಿಕೊಂಡು ಫಕೀರಳಾಗಬೇಕಂತೆ. ಮುಲ್ಲಾನಿಂದ ಸಕ್ಕರೆ ಓದಿಸಿ, ದೇವರ ಹಸ್ತದ ಪಂಜಾದ ಮುಂದೆ ನಿಂತು, ಮಗನ ತಪ್ಪು ಹೊಟ್ಟೆಗೆ ಹಾಕಿಕೋ ಅನ್ನಬೇಕಂತೆ. ಹೋದ ವರ್ಷ ಅವನು ಫಕೀರ ಆಗಲಿಲ್ಲ, ಹುಸೇನ್ ದೇವರು ಸಿಟ್ಟಾಯಿತು, ಮರು ತಿಂಗಳೇ ಕರೆದುಕೊಂಡಿತು. ಇದು ಅತ್ತೆಯ ಮಾತು. ಈಗ ಊರಿನ ಮಾತೂ ಇದೇ.

ಫೋನು ಇವರ ಕೈಗೆ ಕೊಟ್ಟು ಒಳಗೆ ಹೋದೆ.

ಮೇ 13

ನಿದ್ದೆ ಇಲ್ಲ. ಅದೇ ತಲೆಯಲ್ಲಿ.

ಎರಡು ಸಲ ಬಸಿರು ನಿಲ್ಲಲಿಲ್ಲ ನನಗೆ. ಮೂರನೆಯ ಸಲ ಅತ್ತೆ ಮೊಹರಮ್ಮಿನ ಅಲಾಯಿ ದೇವರಿಗೆ ಬೇಡಿಕೊಂಡರು. ಹುಡುಗ ಉಳಿದರೆ ಫಕೀರನ ಹೆಸರಿಡುತ್ತೇವೆ, ಮದುವೆ ಆಗುವ ತನಕ ವರ್ಷ ವರ್ಷ ಫಕೀರನನ್ನಾಗಿ ಮಾಡುತ್ತೇವೆ ಅಂತ. ಮುಲ್ಲಾ ಅಹಮದಸಾಬರು ಊದು ಹಾಕಿ ಸಕ್ಕರೆ ಓದಿ ನನ್ನ ಬಾಯಿಗೆ ಒಂದು ಚಿಟಿಕೆ ಇಟ್ಟರು. ಹುಡುಗ ಉಳಿದ. ನಾವು ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸಿದೆವು, ಹೆಸರು ಮಾತ್ರ ಫಕೀರೇಶ. ಊರಲ್ಲಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಅಂಥ ಹೆಸರು ಓಣಿಗೆ ನಾಲ್ಕಿವೆ.

ಪ್ರತಿ ವರ್ಷ ಕೊರಳಲ್ಲಿ ಕೆಂಪು ಲಾಡಿ, ಹೆಗಲಿಗೆ ಜೋಳಿಗೆ, ಐದು ಮನೆ ಬೇಡುವುದು. ಹೋದ ವರ್ಷ ಇಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಮೊಬೈಲ್ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಮಾಲಕರು ರಜೆ ಕೊಡಲಿಲ್ಲ. ಅಜ್ಜಿಗೆ ಫೋನಿನಲ್ಲಿ ನಕ್ಕು ಹೇಳಿದ — "ಮುಂದಿನ ವರ್ಷ ಎರಡು ಲಾಡಿ ಹಾಕ್ಕೋತೇನಿ ಬಿಡಬೇ, ಬಡ್ಡಿ ಸಮೇತ."

ಆಮೇಲೆ ಜ್ವರ. ಡೆಂಗಿ ಅಂದರು. ಪ್ಲೇಟ್ಲೆಟ್ ಇಳಿದಾವು ಅಂದರು, ಏರ್ಯಾವು ಅಂದರು. ಮತ್ತೆ ಏನೂ ಅನ್ನಲಿಲ್ಲ.

ಮೇ 21

ಶಮೀಮಾಗೆ ಕೇಳಿದೆ. ಪಕ್ಕದ ಮನೆಯವಳು, ಅವರ ದೇವರು, ಅವಳಿಗೆ ಗೊತ್ತಿರಬೇಕು ಅನಿಸಿತು. ಸಂಜೆ ಓಣಿಯ ಹುಡುಗಿಯರಿಗೆ ಅರಬ್ಬಿ ಪಾಠ ಹೇಳುತ್ತಾಳೆ. ಹುಡುಗಿಯರು ಹೋದ ಮೇಲೆ ಅವಳ ಕಟ್ಟೆ ಮೇಲೆ ಕೂತೆ. ಹುಸೇನ್ ದೇವರಿಗೆ ಸಿಟ್ಟು ಭಾಳ ಏನು ಅಂತ ಕೇಳಿದೆ.

ನಗಲಿಕ್ಕೆ ಹೋದಳು. ನನ್ನ ಮುಖ ನೋಡಿ ತಡೆದುಕೊಂಡಳು. ಪಾಠದ ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು.

"ಸುಮಕ್ಕಾ, ಹುಸೇನ್ ದೇವರಲ್ಲ."

ಮನುಷ್ಯ ಅಂತೆ. ಪೈಗಂಬರರ ಮಗಳ ಮಗ. ಕರ್ಬಲಾದಲ್ಲಿ ನೀರು ಕೊಡದೆ ಕೊಂದರು. ಅದು ನನಗೂ ಗೊತ್ತು, ಊರಲ್ಲಿ ಪ್ರತಿ ವರ್ಷ ಹಾಡುತ್ತಾರೆ. ಆದರೆ ಅವನಿಗೂ ಒಬ್ಬಳು ತಾಯಿ ಇದ್ದಳು ಅನ್ನುವುದು ತಲೆಗೆ ಬಂದಿರಲಿಲ್ಲ. ಕೇಳಿದೆ. ತಾಯಿ ಫಾತಿಮಾ ಬಹಳ ಮೊದಲೇ ತೀರಿಹೋಗಿದ್ದಳಂತೆ.

ಪುಣ್ಯವಂತೆ ಅಂದೆ. ಶಮೀಮಾ ನನ್ನ ಕೈ ಹಿಡಿದಳು. ನಡುವಿನಿಂದ ಹೇಳಿದರೆ ತಿಳಿಯುವುದಿಲ್ಲ, ಮೊದಲಿನಿಂದ ಹೇಳುತ್ತೇನೆ, ದಿನಾ ಬಾ ಅಂದಳು.

ಮೇ 24

ಹೋಗುತ್ತಿದ್ದೇನೆ. ಕೈಯಲ್ಲಿ ಒಂದು ಸೀರೆ ಒಯ್ಯುತ್ತೇನೆ, ಕೂತು ಫಾಲ್ ಹೊಲಿಯುತ್ತೇನೆ. ಶಮೀಮಾಳ ಗಂಡ ಖಾದರಬಾಷಾ ಆಟೋ ನಿಲ್ಲಿಸಿ ಒಳಗೆ ಬರುತ್ತ, ನೀವೂ ಪಾಠಕ್ಕ ಕುಂತೀರಿ, ಫೀ ಅಂತ ನನ್ನ ಖಾಕಿ ಅಂಗಿಗೆ ಗುಂಡಿ ಹಚ್ಚಿಕೊಡ್ರಿ ಅಂದರು. ಹಚ್ಚಿಕೊಟ್ಟೆ.

ಮಕ್ಕಾ ವ್ಯಾಪಾರದ ಊರು. ಸುತ್ತ ಮರಳು. ಕಾಬಾ ಅನ್ನುವ ಗುಡಿಯಲ್ಲಿ ಕುಲಕ್ಕೊಂದು ದೇವರು ಇಟ್ಟಿದ್ದರು. ಅಲ್ಲಿ ಪೈಗಂಬರ ಮಹಮ್ಮದ್ ಹುಟ್ಟಿದ್ದು, ಸಾವಿರದ ನಾನೂರು ವರ್ಷದ ಹಿಂದೆ. ಹುಟ್ಟುವ ಮೊದಲೇ ತಂದೆ ಇಲ್ಲ. ಚಿಕ್ಕಂದಿನಲ್ಲೇ ತಾಯಿ ಇಲ್ಲ. ಅಜ್ಜ ಸಾಕಿದ, ಆಮೇಲೆ ಕಾಕಾ. ದೊಡ್ಡವನಾಗಿ ಒಂಟೆಯ ಮೇಲೆ ಮಾಲು ಒಯ್ಯುವ ಕೆಲಸ. ಸುಳ್ಳು ಹೇಳದ ಮನುಷ್ಯ ಅಂತ ಹೆಸರು. ನಲವತ್ತಕ್ಕೆ, ಗುಡ್ಡದ ಗವಿಯಲ್ಲಿ ಒಬ್ಬನೇ ಕೂತಾಗ ದೇವದೂತ ಬಂದು ಓದು ಅಂದ. ಮಹಮ್ಮದರಿಗೆ ಓದಲು ಬಾರದು. ಹೆದರಿ ನಡುಗುತ್ತ ಮನೆಗೆ ಬಂದು, ಹೊದಿಸು ಅಂತ ಹೆಂಡತಿಗೆ ಹೇಳಿದರು. ಮೊದಲು ನಂಬಿದವಳು ಅವಳೇ, ಖದೀಜಾ.

ದೇವರು ಒಬ್ಬನೇ ಅಂದದ್ದಕ್ಕೆ ಊರವರು ಕಲ್ಲು ಹೊಡೆದರು. ಪೈಗಂಬರರು ಊರು ಬಿಟ್ಟು ಮದೀನಾಕ್ಕೆ ಹೋದರು. ಮುಸಲ್ಮಾನರ ವರ್ಷದ ಲೆಕ್ಕ ಅಲ್ಲಿಂದ. ಆ ವರ್ಷದ ಮೊದಲ ತಿಂಗಳ ಹೆಸರು ಮೊಹರಮ್. ನಾನು ಹಬ್ಬದ ಹೆಸರು ಅಂದುಕೊಂಡಿದ್ದೆ. ಇಷ್ಟು ವರ್ಷ.

ಮೇ 29

ಹುಡುಗಿಯರು ಬೆರಳು ಮಡಚಿ ಹೇಳುತ್ತಾರೆ. ನಂಬಿಕೆಯ ಮಾತಿನ ಕಲಮಾ, ನಮಾಜು, ಉಪಾಸದ ರೋಜಾ, ದಾನದ ಜಕಾತು, ಮಕ್ಕಾಯಾತ್ರೆಯ ಹಜ್ಜು. ಒಬ್ಬಳು ರೋಜಾ ಬಿಟ್ಟು ನೇರ ಹಜ್ಜಿಗೆ ಹೋದಳು. ಉಪಾಸ ಬ್ಯಾಡ, ವಿಮಾನ ಬೇಕೇನು ಅಂತ ಶಮೀಮಾ ಅಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಮನೆಗೆ ಬಂದ ಮೇಲೆ ಅದಕ್ಕೆ ನಾಚಿಕೆಯಾಯಿತು.

ಅದು ಮಾಡುವುದು. ನಂಬುವುದು ಬೇರೆ ಇದೆ — ಅಲ್ಲಾ ಒಬ್ಬನೇ, ಅವನಿಗೆ ತಂದೆ ಇಲ್ಲ, ಮಗ ಇಲ್ಲ. ದೇವದೂತರು. ಅವನು ಇಳಿಸಿದ ಗ್ರಂಥಗಳು. ಕಳಿಸಿದ ಪ್ರವಾದಿಗಳು, ಒಬ್ಬರಲ್ಲ, ಬಹಳ ಮಂದಿ, ಕಡೆಯವರು ಮಹಮ್ಮದ್. ಎಲ್ಲ ಸತ್ತವರೂ ಎದ್ದು ನಿಲ್ಲುವ ಕಡೆಯ ದಿನ. ಮತ್ತೆ ತಕದೀರು — ಒಳ್ಳೆಯದು ಕೆಟ್ಟದ್ದು ಎರಡೂ ಅವನ ಕಡೆಯಿಂದಲೇ.

ಮಣ್ಣು ಮಾಡಿ ಬಂದ ಮೇಲೆ ಗೋರಿಯಲ್ಲಿ ಇಬ್ಬರು ದೂತರು ಬಂದು ಪ್ರಶ್ನೆ ಕೇಳುತ್ತಾರಂತೆ. ನಿನ್ನ ಒಡೆಯ ಯಾರು ಅಂತ. ನಾವೂ ಹುಡುಗನನ್ನು ಮಣ್ಣಿಗೇ ಕೊಟ್ಟೆವು, ಸುಳ್ಳದ ಹೊಲದ ಬದುವಿನಲ್ಲಿ. ಅವನಿಗೂ ಕೇಳುತ್ತಾರೇನು ಅಂದೆ. ಸಾಲೆಯಲ್ಲಿ ಎದ್ದು ನಿಲ್ಲಿಸಿ ಕೇಳಿದರೆ ಅವನಿಗೆ ಬಾಯಿ ಕಟ್ಟುತ್ತಿತ್ತು.

"ಗೊತ್ತಿಲ್ಲ ಸುಮಕ್ಕಾ. ಗೊತ್ತೈತಿ ಅಂದ್ರ ಸುಳ್ಳು ಹೇಳಿದಂಗ ಆಕ್ಕೈತಿ. ಅದು ಅಲ್ಲಾಗ ಬಿಟ್ಟದ್ದು."

ಬೇರೆ ಯಾರಾದರೂ ಆಗಿದ್ದರೆ ಸಮಾಧಾನಕ್ಕೆ ಏನಾದರೂ ಹೇಳುತ್ತಿದ್ದರು.

ಜೂನ್ 7, ಶನಿವಾರ

ಬಕ್ರೀದ. ಶಮೀಮಾ ನಮಗಾಗಿ ಬೇರೆ ಪಾತ್ರೆಯಲ್ಲಿ ಶಿರಾ ಮಾಡಿ ಕಳಿಸಿದಳು. ಹಬ್ಬದ ಕಥೆ ಅವಳೇ ಹೇಳಿದ್ದಳು. ಇಬ್ರಾಹಿಂ ದೇವರ ಮಾತಿಗೆ ಮಗನನ್ನೇ ಕೊಡಲು ಹೋದ, ಚೂರಿ ಇಡುವ ಹೊತ್ತಿಗೆ ಮಗನ ಜಾಗದಲ್ಲಿ ಟಗರು ಬಂತು.

ಶಿರಾ ಇವರು ತಿಂದರು. ನನ್ನ ಪಾಲು ಮುಚ್ಚಿಟ್ಟೆ. ಟಗರು ಬಂತಂತೆ.

ಜೂನ್ 13

ಪೈಗಂಬರರ ಗಂಡು ಮಕ್ಕಳು ಒಬ್ಬರೂ ಉಳಿಯಲಿಲ್ಲವಂತೆ. ಕಡೆಯವನ ಹೆಸರೂ ಇಬ್ರಾಹಿಂ, ಇನ್ನೂ ಮೊಲೆ ಕುಡಿಯುವ ಕೂಸು. ತೊಡೆಯ ಮೇಲೆ ಜೀವ ಹೋಗುವಾಗ ಅತ್ತರು. ನೀವೂ ಅಳುತ್ತೀರಾ ಅಂತ ಯಾರೋ ಕೇಳಿದರು. ಕಣ್ಣು ಅಳುತ್ತದೆ, ಎದೆ ನೋಯುತ್ತದೆ, ಅಲ್ಲಾನಿಗೆ ಸೇರದ ಮಾತು ಮಾತ್ರ ಬಾಯಿಂದ ಬರಬಾರದು, ಹಾಗೆ ಏನೋ ಅಂದರಂತೆ.

ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಪೈಗಂಬರರ ಮಗ ಹೋದದ್ದಕ್ಕೆ ಸೂರ್ಯನೂ ಕಪ್ಪಾದ ಅಂತ ಮಂದಿ ಅಂದರು. ಅವರು ಒಪ್ಪಲಿಲ್ಲ. ಯಾರ ಸಾವಿಗೂ, ಯಾರ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲ ಅಂದರು.

ಶಮೀಮಾ ಇದನ್ನು ನನ್ನ ಸಲುವಾಗಿಯೇ ಹೇಳಿದಳು, ತಿಳಿಯಿತು. ಫಕೀರೇಶ ಹೋದದ್ದು ಯಾರ ಸಿಟ್ಟಿಗೂ ಅಲ್ಲ, ಅವನ ಮೇಲೆ ಯಾವ ತಪ್ಪೂ ಇಲ್ಲ, ಯಾರೇ ಅಂದರೂ ಹೆಗಲಿಗೆ ತಗೋಬೇಡ ಅಂದಳು.

ಎದೆ ಒಂದು ಕಡೆ ಹಗುರಾಯಿತು. ಖರೇ.

ಮನೆಗೆ ಬಂದು ರೊಟ್ಟಿ ಬಡಿಯುವಾಗ ನೆನಪಾಯಿತು... ಸತ್ತ ಹುಡುಗನನ್ನು ದವಾಖಾನೆಯಿಂದ ತಂದ ದಿನ ಬೆಂಗೇರಿಯಲ್ಲಿ ಸಂತೆ. ಗಾಡಿ ಸರಿಯಲಿಲ್ಲ. ಕಿಟಕಿಯ ಹತ್ತಿರ ಒಬ್ಬಳು ಕೊತ್ತಂಬರಿ ಕೂಗುತ್ತಿದ್ದಳು. ಸಿಟ್ಟು ಅಂದರೆ ಕಡೆಗೆ ಒಂದು ಕಾರಣವಾದರೂ ಇತ್ತು. ಕಾರಣವೂ ಇಲ್ಲ ಅಂದರೆ?

ಜೂನ್ 19

ಮುಲ್ಲಾ ಸಕ್ಕರೆ ಮೇಲೆ ಓದುವುದು ಏನು ಅಂತ ಕೇಳಿದೆ. ನಮಗೆ ಅದು ಅರಬ್ಬಿ. ಗುಣುಗುಣು ಕೇಳುತ್ತದೆ, ಕೈ ಮುಗಿಯುತ್ತೇವೆ, ಅಷ್ಟೇ.

ಶಮೀಮಾಗೆ ಹೇಳಲು ಮನಸ್ಸಿರಲಿಲ್ಲ. ನಮ್ಮೊಳಗೂ ಎಲ್ಲರದೂ ಒಂದೇ ಮಾತಲ್ಲ, ದರ್ಗಾಕ್ಕೆ ಹೋಗುವವರು ಇದ್ದಾರೆ, ಪಂಜಾ ಹಿಡಿಯುವವರು ಇದ್ದಾರೆ, ನಾವು ಹೋಗುವುದಿಲ್ಲ, ನಿಮ್ಮ ಊರಿನದು ನಿಮಗಿರಲಿ ಅಂದಳು. ನಾನು ಬಿಡಲಿಲ್ಲ.

ಫಾತೇಹಾ ಅಂತೆ, ಕುರಾನಿನ ಮೊದಲ ಅಧ್ಯಾಯ. ಎಲ್ಲ ಲೋಕದ ಒಡೆಯನನ್ನು ಹೊಗಳುವುದು. ಕರುಣೆಯವನು, ಕಡೆಯ ದಿನದ ಯಜಮಾನ ಅನ್ನುವುದು. ಆಮೇಲೆ — ನಾವು ನಡೆದುಕೊಳ್ಳುವುದು ನಿನಗೊಬ್ಬನಿಗೇ, ಬೇಡುವುದು ನಿನ್ನೊಬ್ಬನನ್ನೇ ಅಂತ. ನೆಟ್ಟಗಿನ ದಾರಿ ತೋರಿಸು ಅಂತ.

ಹುಸೇನರ ಹೆಸರು ಎಲ್ಲಿ ಬರುತ್ತದೆ ಅಂದೆ. ಅದರೊಳಗೆ ಬರುವುದಿಲ್ಲ ಅಂದಳು.

ಹೊಲಿಯುತ್ತಿದ್ದ ಸೀರೆ ಹಾಗೇ ತೊಡೆ ಮೇಲೆ. ನಾವು ಪಂಜಾದ ಮುಂದೆ ನಿಂತು ಬೇಡಿದೆವು. ನಮ್ಮ ಸಕ್ಕರೆ ಮೇಲೆಯೇ ಮುಲ್ಲಾ, ಬೇರೆ ಯಾರನ್ನೂ ಬೇಡುವುದಿಲ್ಲ ಅಂತ ಓದಿದರು. ಪ್ರತಿ ವರ್ಷ. ನಾನು ಬಾಯಿ ತೆರೆದು ತಿಂದೆ.

ಹುಡುಗನನ್ನು ಹುಸೇನರು ಒಯ್ಯಲಿಲ್ಲ ಅಂದರೆ, ಅವರು ಕೊಟ್ಟದ್ದೂ ಅಲ್ಲ. ಕೊಟ್ಟವರು ಇದ್ದಾರೆ, ಅವರ ಹತ್ತಿರ ಇದ್ದಾನೆ, ಅಂತ ಒಂದು ಆಸರೆ ಇತ್ತು ನನಗೆ. ಸಿಟ್ಟಾಗಿದ್ದರೂ.

ಜೂನ್ 27, ಶುಕ್ರವಾರ

ನಿನ್ನೆ ಮೊಹರಮ್ಮಿನ ಚಂದ್ರ ಕಂಡಿತು. ಊರಲ್ಲಿ ಅಲಾಯಿ ಕುಣಿ ತೋಡಲು ಗುದ್ದಲಿ ಹಾಕಿದರಂತೆ.

ಇವರು ಎಪಿಎಂಸಿಯಿಂದ ಬಂದು ಅಂಗಿಯ ಮೇಲಿನ ಕಾಳಿನ ಧೂಳೂ ಕೊಡವದೆ ಕೂತರು. ಶಮೀಮಾ ಹೇಳಿದ್ದನ್ನೆಲ್ಲ ಹೇಳಿದೆ. ಅವನ ತಪ್ಪಿಲ್ಲ, ಯಾರ ಸಿಟ್ಟೂ ಇಲ್ಲ ಅಂದೆ. ಕೇಳಿದರು. ಕೇಳಿ ಮುಗಿದ ಮೇಲೆ, ಒಂದು ಮಾತು ಅಂದುಬಿಡು, ಅವ್ವ ನೀರೂ ಸರಿಯಾಗಿ ಕುಡಿಯುತ್ತಿಲ್ಲ ಅಂದರು. ಆ ಮಾತು ಅಂದರೆ ಹುಡುಗ ತಪ್ಪುಗಾರ ಆಗುತ್ತಾನೆ, ಮಣ್ಣಲ್ಲಿ ಮಲಗಿದವನು ಅಂದೆ.

ಇವರು ಎದ್ದು ಹೊರಗೆ ಹೋದರು.

ಜುಲೈ 6, ರವಿವಾರ

ನಿನ್ನೆ ಊರಿಗೆ ಹೋಗಿದ್ದೆವು. ಇವತ್ತು ಮಧ್ಯಾಹ್ನ ಬಸ್ಸಿಗೆ ನಾನೊಬ್ಬಳೇ ಬಂದೆ.

ಅತ್ತೆ ಸಕ್ಕರೆ, ಊದು, ಲಾಡಿ ಎಲ್ಲ ತಾಟಿನಲ್ಲಿ ಇಟ್ಟು ತಯಾರಿದ್ದರು. ಮಸೂತಿಯ ಮುಂದೆ ಊರೇ ಇತ್ತು. ಪಂಜಾಗಳಿಗೆ ಹಸಿರು ಬಟ್ಟೆ, ಮಲ್ಲಿಗೆ. ಅಹಮದಸಾಬರು ಭಾಳ ಮುದುಕರಾಗಿದ್ದಾರೆ. ತಾಟು ತಗೊಂಡು, ರೂಢಿಯಂತೆ, ಯಾರ ಹೆಸರಿಲೆ ಅಂದರು. ಅಂದವರೇ ತಲೆ ತಗ್ಗಿಸಿದರು. ಪ್ರತಿ ವರ್ಷ ಆ ಪ್ರಶ್ನೆಗೆ ನಾನೇ ಹುಡುಗನ ಹೆಸರು ಹೇಳುತ್ತಿದ್ದೆ.

ಅತ್ತೆ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದರು. "ಅನ್ನು. ಹುಡುಗನ ತಪ್ಪು ಹೊಟ್ಟ್ಯಾಗ ಹಾಕ್ಕೋ ನಮ್ಮಪ್ಪಾ ಅನ್ನು."

"ಅವಾ ಏನೂ ತಪ್ಪ ಮಾಡಿಲ್ಲರಿ."

ಜೋರಾಗಿ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು. ಹೆಜ್ಜೆಯ ಕುಣಿತಕ್ಕೆ ಮಜಲು ವಾದ್ಯ ಬಾರಿಸುವವರು ಕೈ ತಡೆದರು. ಓದಿದಾಕಿ ಆಗ್ಯಾಳ ಹುಬ್ಬಳ್ಯಾಗ ಅಂತ ಹಿಂದೆ ಯಾರೋ ಅಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಮಗನ ಕಡೆ ನೋಡಿದರು.

ಇವರು ಬಂದರು. ಮೊಣಕಾಲೂರಿ ಕೂತರು, ಎರಡೂ ಕಿವಿ ಹಿಡಿದುಕೊಂಡರು. "ತಪ್ಪಾತು ನಮ್ಮಪ್ಪಾ. ನನ್ನ ಮಗಂದು ತಪ್ಪಾತು." ದನಿ ಒಡೆಯಿತು. ಅವನು ಹೋದಾಗಲೂ ಇವರು ಹಾಗೆ ಅತ್ತಿರಲಿಲ್ಲ. ನಾನು ಹೋಗಿ ಎಬ್ಬಿಸಬೇಕಾಗಿತ್ತು.

ಲಾಡಿ ಇವರ ಕೊರಳಿಗೆ ಕಟ್ಟಿದರು. ಅಹಮದಸಾಬರು ಓದಿದರು. ಬೇಡುವುದು ನಿನ್ನೊಬ್ಬನನ್ನೇ ಅನ್ನುವುದು ನಡುವೆ ಎಲ್ಲೋ ಬಂದು ಹೋಗಿರಬೇಕು. ಸುತ್ತ ಎಲ್ಲರ ಕೈ ಪಂಜಾದ ಕಡೆ ಮುಗಿದಿದ್ದವು. ಯಾರದೂ ಸುಳ್ಳು ಮೋರೆ ಅಲ್ಲ.

ಬರುವಾಗ ಅಹಮದಸಾಬರಿಗೆ ಕೇಳಿದೆ, ಖರೇನ ಸಿಟ್ಟಾಗ್ಯಾರೇನು ಅಜ್ಜಾರ ಅಂತ. ಓದೂದಷ್ಟ ನನ್ನ ಕೆಲಸ ಯವ್ವಾ, ಮುಂದಿಂದು ನನಗ ತಿಳೀದು ಅಂದರು. ಅವರ ಕಣ್ಣಲ್ಲಿ ಪೊರೆ ಬಂದಿದೆ.

ಅತ್ತೆಗೆ ನೀರು ಕೊಟ್ಟೆ. ಸೊಸೆಯ ಕೈಯಿಂದ ತಗೊಳ್ಳಲಿಲ್ಲ. ಮಗನ ಕೈಯಿಂದ ಕುಡಿದರು.

ಜುಲೈ 9, ಬುಧವಾರ

ಇವರು ಬಂದಿದ್ದಾರೆ. ದೇವರು ಹೊಳೆಗೆ ಹೋದ ಮೇಲೆ ಲಾಡಿ ಬಿಚ್ಚಬೇಕು, ಬಿಚ್ಚಿಲ್ಲ. ಅಂಗಿಯ ಕಾಲರಿನಲ್ಲಿ ಕಾಣುತ್ತದೆ. ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಎದ್ದು ತಾವೇ ತಗೊಳ್ಳುತ್ತಾರೆ.

ಶಮೀಮಾ ಲಾಡಿ ನೋಡಿದಳು. ಉಂಡಿಯೇನು ಅಂದಳು. ಪಾಠಕ್ಕೆ ಹೋಗಲು ಮನಸ್ಸಾಗಲಿಲ್ಲ. ಇಲ್ಲಿಗೇ ಹುಡುಗಿಯರ ದನಿ ಕೇಳುತ್ತದೆ.

ಹಿಂದೆ ಒಂದು ದಿನ ಹೇಳಿದ್ದಳು. ಅಲ್ಲಾನ ಹತ್ತಿರ ಹೋಗಲು ನಡುವೆ ಯಾರೂ ಬೇಕಾಗಿಲ್ಲ. ಮುಲ್ಲಾ ಬೇಡ, ಸಕ್ಕರೆ ಬೇಡ, ಯಾವ ಭಾಷೆ ಆದರೂ ನಡೆಯುತ್ತದೆ, ಇದ್ದಲ್ಲೇ ಕೂತು ಕೇಳಿದರೂ ಕೇಳಿಸುತ್ತದೆ ಅಂತ.

ಮಧ್ಯಾಹ್ನ ಮಷೀನು ನಿಲ್ಲಿಸಿ ಕೂತೆ. ಬಾಗಿಲು ಹಾಕಿಕೊಂಡೆ. ಯಾವ ಕಡೆ ಮುಖ ಮಾಡಬೇಕು ತಿಳಿಯದೆ ಗೋಡೆಯ ಕಡೆ ಮಾಡಿದೆ. ಕೈ ಹೇಗೆ ಇಡಬೇಕು ತಿಳಿಯಲಿಲ್ಲ, ತೊಡೆಯ ಮೇಲೆ ಇಟ್ಟೆ. ಕೇಳೋಣ ಅಂತಲೇ ಕೂತದ್ದು.

ಕೇಳುವುದೇನು. ಹುಡುಗನನ್ನು ಕೊಡು ಅನ್ನಲು ಬರುವುದಿಲ್ಲ. ಅದು ಮುಗಿದದ್ದು. ಅದು ಬಿಟ್ಟರೆ ನನಗೆ ಬೇಡಲು ಬೇರೇನೂ ಇಲ್ಲ. ಬಾಗಿಲು ತೆಗೆದು, ಬಾಕಿ ಸೀರೆ ಮಷೀನಿಗೆ ಇಟ್ಟೆ.