ಮರದ ಪಾಲಿನ ಹಣ್ಣು

ಅಕ್ಕಾ,
ಊರಿಗೆ ಹೊರಟು ಬಸ್ಸಿಗೆ ಕಾಯುತ್ತಾ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಬೆಟ್ಟದೂರಿನಲ್ಲಿ ನಾನು ಇಳಿದುಕೊಂಡಿದ್ದು ತೊಂಬತ್ತರ ಕಿಮಿಯೊ ಅಜ್ಜಿಯ ಮನೆಯಲ್ಲಿ. ಅಂಗಳದ ಪರ್ಸಿಮನ್ ಮರದ ತುದಿಯಲ್ಲಿ ಒಂದೇ ಹಣ್ಣು ಉಳಿದಿತ್ತು. ಪಾಪ, ಅಜ್ಜಿಗೆ ಎಟುಕಿಲ್ಲವೆಂದುಕೊಂಡು ಹತ್ತಿ ಕಿತ್ತುಕೊಟ್ಟೆ.

ಅಜ್ಜಿ ಕಿರುಚಿದ ರಭಸಕ್ಕೆ ನನ್ನ ಜೀವವೇ ಬಾಯಿಗೆ ಬಂತು. "ಅಯ್ಯೋ ಒಸಾಕದ ಮಂಗಾ! ಅದು ಮರದ ಪಾಲು ಕಣೋ! ಒಂದೂ ಉಳಿಸ್ದಿದ್ರೆ ಮುಂದಿನ ವರ್ಷ ಅದ್ಯಾಕೆ ಹಣ್ಣು ಕೊಡತ್ತೆ?"

ಮತ್ತೆ ಹತ್ತಿಸಿ, ಹಣ್ಣನ್ನು ಅದೇ ಕೊಂಬೆಗೆ ದಾರದಿಂದ ಕಟ್ಟಿಸಿದಳು. ಇಳಿಯುವಾಗ ಜಾರಿ ಕಾಲು ಉಳುಕಿದೆ, ಮೂಳೆಗೇನೂ ಆಗಿಲ್ಲ, ಅಮ್ಮನಿಗೆ ಹೇಳಬೇಡ. ಪಟ್ಟಿ ಸುತ್ತುತ್ತಾ ಅಜ್ಜಿ ಅಂದಳು: "ಮುಂದಿನ ವರ್ಷ ಬಾ. ಹಣ್ಣು ಬಿಟ್ಟಿಲ್ದಿದ್ರೆ, ನಾನಿರ್ಲಿ ಇಲ್ದಿರ್ಲಿ, ಮರದ ಮುಂದೆ ನಿಂತು ಉತ್ತರ ಹೇಳು."

ಬರುತ್ತೇನೆ ಎಂದುಬಿಟ್ಟೆ ಅಕ್ಕಾ. ಬಸ್ಸು ಬಂತು.
ನಿನ್ನ ಶೂಹೇ