ಡೀಸೆಲ್ ಲಾರಿ ಬಂಕಿನಲ್ಲೇ ಹಾಕಿಸಿ

ರೀ,

ಸ್ಕೂಲಿಗೆ ಹೊರಟೆ. ಕಾರು ರಿಪೇರಿಯಾಗಿ ಬಂದಿದೆ. ಡೀಸೆಲ್ ಮಾತ್ರ ಚಿಂತಾಮಣಿ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟುವ ಬಂಕಿನಲ್ಲೇ ಹಾಕಿಸಿ, ಅಲ್ಲಿ ಬೇಗ ಖಾಲಿಯಾಗುವುದರಿಂದ ಹಳೇ ಡೀಸೆಲ್ ಉಳಿಯುವುದಿಲ್ಲ. ಅಲ್ಲೂ ಟ್ಯಾಂಕರಿನಿಂದ ಡೀಸೆಲ್ ಇಳಿಸುತ್ತಿದ್ದರೆ ಬೇಡ, ತಳದ ಕೊಳೆ ಮೇಲೇಳುತ್ತದೆ.

ನಿಮ್ಮಮ್ಮ ಬಾಯಿ ಬಿಡುವುದಿಲ್ಲ, ನಾನೇ ಬರೆಯುತ್ತೇನೆ. ನಿನ್ನೆ ಹೊಸ ಬಂಕಿನಲ್ಲಿ ಡೀಸೆಲ್ ಹಾಕಿಸಿ, ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೊರಟೆವು. ಸ್ವಲ್ಪ ದೂರಕ್ಕೇ ಕಾರು ನಿಂತಿತು. ಡೀಸೆಲ್‌ಗೆ ನೀರು ಸೇರಿದೆ ಅಂದ ಮೆಕ್ಯಾನಿಕ್.

ಹರಾಜು ತಪ್ಪಬಾರದೆಂದು ಅತ್ತೆ ಗೂಡಿನ ಜೊತೆ ನನ್ನನ್ನು ಆಟೋದಲ್ಲಿ ಕಳಿಸಿ, ತಾವು ಬಂಕಿಗೆ ವಾಪಸ್ ನಡೆದರು. ಅಲ್ಲಿ ಕೂಗಾಡಲಿಲ್ಲವಂತೆ. ಪಂಪಿನ ಪಕ್ಕ ನಿಂತು, ಬಂದವರಿಗೆಲ್ಲ "ಹಾಕಿಸ್ಬೇಡ್ರಪ್ಪ, ನೀರು ಸೇರೈತೆ" ಅಂದರಂತೆ.

ಮಾಲೀಕ ಓಡಿ ಬಂದು, "ನಿಮ್ಮ ದುಡ್ಡು ವಾಪಸ್ ಕೊಡ್ತೀನಿ, ಹೋಗ್ರಮ್ಮ" ಅಂದ.

"ನಂದು ಬಿಡಪ್ಪ. ಹಿಂದೆ ಆಂಬುಲೆನ್ಸ್ ನಿಂತೈತೆ, ನೋಡು" ಅಂದರು ಅತ್ತೆ. ಅವನು ತಲೆತಗ್ಗಿಸಿ ಪಂಪ್ ಬಂದ್ ಮಾಡಿಸಿದ.

ಇಷ್ಟನ್ನೂ ಹೇಳಿದ್ದು ಆ ಆಂಬುಲೆನ್ಸ್ ಡ್ರೈವರ್. ಬೆಳಿಗ್ಗೆ ಮನೆ ಹುಡುಕಿಕೊಂಡು ಬಂದಿದ್ದ. ಒಳಗೆ ಹೆರಿಗೆ ನೋವಿನ ಹುಡುಗಿಯಿದ್ದಳಂತೆ. ಬೇರೆ ಬಂಕಿನಲ್ಲಿ ಡೀಸೆಲ್ ಹಾಕಿಸಿ ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗುವಾಯಿತಂತೆ.

ಅತ್ತೆ ಎಲ್ಲ ಕೇಳಿ, "ಕಾಫಿ ಕುಡ್ದು ಹೋಗಪ್ಪ" ಅಂದರು, ಅಷ್ಟೇ.

ಸಂಜೆ ಅವರ ಕಾಲಿಗೆ ಎಣ್ಣೆ ಹಚ್ಚಿ. ನೋವಿಲ್ಲ ಅಂತಾರೆ, ನಂಬಬೇಡಿ.

ಶಿರೀಷಾ